ಗುಂಡಗಿರುವುದೆಲ್ಲ ಪ್ರಾಣಿಯಲ್ಲ

ಕಳೆದ ಭಾನುವಾರ ಬಸವನಗುಡಿಯ ಒಂದು ಪುಟ್ಟ ಸಭಾಂಗಣದಲ್ಲಿ ಪಳೆಯುಳಿಕೆಗಳ ಬಗ್ಗೆ ನಾನು ಆಡಿದ ಮಾತುಗಳಿವು. ಬರೆದುಕೊಂಡು ಹೋಗಿ ಓದಿದ್ದಲ್ಲ, ಈಗ ನೆನಪಿನಿಂದ ಬರೆಯುತ್ತಿದ್ದೇನೆ. ಹಾಗಾಗಿ ಅಲ್ಲಿ ಹೇಳದ ಒಂದೆರಡು ಮಾತು ಇಲ್ಲಿ ಸೇರಿಕೊಂಡಿವೆ, ಅಲ್ಲಿ ಹೇಳಿದ ಕೆಲವು ಜೋಕು ಬಿಟ್ಟುಹೋಗಿವೆ. ಬಿಟ್ಟುಹೋಗಿದ್ದೇ ಒಳ್ಳೆಯದಾಯಿತು.

ಮೊದಲು ಒಂದು ಚಿತ್ರ ತೋರಿಸಿದೆ. ಬಂಡೆಯ ಮೈಮೇಲೆ ಅಂಡಾಕಾರದ ಒಂದು ಗುರುತು, ನಡುವೆ ಉದ್ದಕ್ಕೆ ಗೆರೆ, ಅದರಿಂದ ಎರಡೂ ಕಡೆಗೆ ಪಕ್ಕೆಲುಬಿನಂಥ ಗೆರೆಗಳು. "ಇದೇನು ಹೇಳಿ" ಅಂದೆ. ಒಬ್ಬರು ಒಣಗಿದ ಎಲೆ ಅಂದರು. ಇನ್ನೊಬ್ಬರು ಮೀನಿನ ಮುಳ್ಳು ಅಂದರು. ಮುಂದಿನ ಸಾಲಿನಲ್ಲಿ ಅಜ್ಜಿಯ ಜೊತೆ ಒಬ್ಬಳು ಹುಡುಗಿ ಬಂದಿದ್ದಳು, ಐದನೇ ಕ್ಲಾಸ್ ಇರಬಹುದು. "ಅಂಕಲ್, ನಮ್ಮ ಅಪಾರ್ಟ್‌ಮೆಂಟ್ ಟ್ಯಾಂಕ್ ಕೆಳಗೆ ಹೆಜ್ಜೇನು ಬಿಟ್ಟುಹೋದ ಮೇಲೆ ಹೀಗೇ ಕಾಣುತ್ತೆ" ಅಂದಳು.

ನನ್ನ ಮೊದಲ ಹತ್ತು ನಿಮಿಷದ ಸಸ್ಪೆನ್ಸ್ ಅಲ್ಲೇ ಸತ್ತಿತು. ಯಾಕೆಂದರೆ ಅವಳು ಹೇಳಿದ್ದೇ ಸರಿ.

ಆ ಗುರುತು ಇದ್ದದ್ದು ಮಧ್ಯಪ್ರದೇಶದ ಭೀಮ್‌ಬೆಟ್ಕಾದಲ್ಲಿ. ಹಳೇ ಶಿಲಾಚಿತ್ರಗಳ ಗುಹೆಗಳಿವೆಯಲ್ಲ, ಅಲ್ಲೇ. 2020ರಲ್ಲಿ ದೆಹಲಿಯಲ್ಲಿ ಭೂವಿಜ್ಞಾನಿಗಳ ದೊಡ್ಡ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಬೇಕಿತ್ತು, ಕೋವಿಡ್ ಬಂದು ನಿಂತಿತು. ಅದೇ ಹೊತ್ತಿಗೆ ಅಲ್ಲಿಗೆ ಹೋಗಿದ್ದ ಅಮೆರಿಕದ ಗ್ರೆಗರಿ ರೆಟಾಲಾಕ್ ಮತ್ತು ಜೊತೆಯವರ ಕಣ್ಣಿಗೆ ಆಡಿಟೋರಿಯಂ ಗುಹೆಯ ಗೋಡೆಯ ಮೇಲೆ, ಕೈಗೆಟುಕದ ಎತ್ತರದಲ್ಲಿ, ಈ ಗುರುತು ಬಿತ್ತು. ಇದು ಡಿಕಿನ್‌ಸೋನಿಯಾ ಅಂತ 2021ರಲ್ಲಿ ಪ್ರಕಟಿಸಿದರು. ಡಿಕಿನ್‌ಸೋನಿಯಾ ಅಂದರೆ ಸುಮಾರು 55 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿದ್ದ, ಚಪ್ಪಟೆಯಾದ, ಅಂಡಾಕಾರದ ಜೀವಿ. ಭಾರತದಲ್ಲಿ ಸಿಕ್ಕ ಮೊದಲ ಡಿಕಿನ್‌ಸೋನಿಯಾ! ಪತ್ರಿಕೆಗಳೆಲ್ಲ ಬರೆದವು. ನಾನೂ ಖುಷಿಯಿಂದ ನಾಲ್ಕು ಜನಕ್ಕೆ ವಾಟ್ಸಾಪ್ ಮಾಡಿದ್ದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಫ್ಲಾರಿಡಾದ ಜೋಸೆಫ್ ಮೀರ್ಟ್ ತಂಡ ಹೋಗಿ ಹತ್ತಿರದಿಂದ ನೋಡಿತು. ಕಲ್ಲಿನ ಗುರುತು ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು. 55 ಕೋಟಿ ವರ್ಷ ತಡೆದುಕೊಂಡದ್ದು ಎರಡು ವರ್ಷದಲ್ಲಿ ಏಳುತ್ತದಾ? ಸುತ್ತ ನೋಡಿದರೆ ಅದೇ ಬಂಡೆಗಳಲ್ಲಿ ಹೆಜ್ಜೇನಿನ ಗೂಡುಗಳು. ಹಳೆಯ ಗೂಡು ಬಿದ್ದುಹೋದ ಮೇಲೆ ಉಳಿದ ಮೇಣದ ಕಲೆ ಅದು. 2023ರಲ್ಲಿ ಅದೂ ಪ್ರಕಟವಾಯಿತು. ರೆಟಾಲಾಕ್ ತಕರಾರು ಮಾಡಲಿಲ್ಲ, ತಪ್ಪಾಯಿತು ಅಂತ ಒಪ್ಪಿಕೊಂಡರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದು ಆಗಲೇ.

ಇದು ನಕ್ಕು ಬಿಡುವ ವಿಷಯ ಅಲ್ಲ. ಆ ಗುಹೆಗಳ ಬಂಡೆಗಳು ಸೇರಿರುವ ವಿಂಧ್ಯ ಶಿಲೆಗಳ ಮೇಲಿನ ಪದರಗಳಿಗೆ ಎಷ್ಟು ವಯಸ್ಸು ಅನ್ನುವುದೇ ದೊಡ್ಡ ಜಗಳ. ಅಲ್ಲಿ ಡಿಕಿನ್‌ಸೋನಿಯಾ ಇದೆ ಅಂದರೆ 55 ಕೋಟಿ ವರ್ಷ. ಇಲ್ಲ ಅಂದರೆ 100 ಕೋಟಿಗೂ ಹಿಂದಕ್ಕೆ ಹೋಗಬಹುದು, ಮೀರ್ಟ್ ಮೊದಲಿಂದಲೂ ವಾದಿಸುತ್ತಿದ್ದದ್ದು ಅದನ್ನೇ. ಒಂದು ಜೇನುಗೂಡಿನ ಕಲೆಯಿಂದ ಐವತ್ತು ಕೋಟಿ ವರ್ಷ ಆಚೀಚೆ ಆಗುತ್ತದೆ ಅಂದರೆ ನೋಡಿ.

ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತಾರಲ್ಲ. ನಮ್ಮ ಕಸುಬಿನಲ್ಲಿ ಗುಂಡಗಿರುವುದೆಲ್ಲ ಪ್ರಾಣಿಯಲ್ಲ. ವೃತ್ತ ಆಗುವುದಕ್ಕೆ ಜೀವ ಬೇಕಾಗಿಲ್ಲ. ಕಾಫಿ ಲೋಟ ಇಟ್ಟರೆ ಟೇಬಲ್ ಮೇಲೆ ವೃತ್ತ. ಕೆಸರಿನೊಳಗಿಂದ ಗಾಳಿಗುಳ್ಳೆ ಎದ್ದರೆ ವೃತ್ತ. ಕಲ್ಲಿನೊಳಗೆ ಖನಿಜ ಗಂಟು ಕಟ್ಟಿದರೂ ಗುಂಡಗೇ. ನಾನು ಎಂಎಸ್ಸಿ ಓದುವಾಗ ರಾಮನಗರದ ಬಂಡೆಯೊಂದರ ಮೇಲೆ ಉಂಗುರದೊಳಗೆ ಉಂಗುರ ಇರುವ ಹತ್ತಾರು ಬಿಲ್ಲೆ ಕಂಡು, ಅಳತೆ ಹಿಡಿದು, ನೋಟ್‌ಬುಕ್ಕಿನಲ್ಲಿ ನೀಟಾಗಿ ಚಿತ್ರ ಬರೆದು ಮೇಷ್ಟ್ರಿಗೆ ತೋರಿಸಿದ್ದೆ. ಅವರು ಏನೂ ಮಾತಾಡಲಿಲ್ಲ. ಬಂಡೆಯ ಹತ್ತಿರ ಹೋಗಿ ಉಗುರಿನಿಂದ ಒಂದು ಬಿಲ್ಲೆ ಕೆರೆದರು. ಎದ್ದು ಬಂತು. ಕಲ್ಲುಹೂವು! ಬಿಸಿಬೇಳೆಬಾತ್ ಮಸಾಲೆಗೆ ಹಾಕುತ್ತೀವಲ್ಲ, ಅದರದೇ ಜಾತಿ. ಅದಕ್ಕಿಂತ ಅವಮಾನ ಅಂದರೆ ಅದು ಗ್ರಾನೈಟ್. ಕರಗಿದ ಶಿಲೆ ತಣ್ಣಗಾಗಿ ಆದ ಕಲ್ಲಿನಲ್ಲಿ ಪಳೆಯುಳಿಕೆ ಹುಡುಕಿದ ವಿದ್ಯಾರ್ಥಿ ಅಂತ ಆ ವರ್ಷವೆಲ್ಲ ಹೆಸರು ಬಂತು.

ಈಗ ನಿಜವಾದ ಬಿಲ್ಲೆಗಳಿಗೆ ಬರೋಣ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಸೇಂಟ್ ಜಾನ್ಸ್ ಅಂತ ಊರು. 1868ರಲ್ಲಿ ಅಲ್ಲಿನ ಸರ್ವೆ ಮಾಡುತ್ತಿದ್ದ ಅಲೆಕ್ಸಾಂಡರ್ ಮರ್ರೆ ಅನ್ನುವವರಿಗೆ ಕಪ್ಪು ಕಲ್ಲಿನ ಮೇಲೆ ಸಣ್ಣ ಸಣ್ಣ ಬಿಲ್ಲೆಗಳು ಕಂಡವು. 1872ರಲ್ಲಿ ಪಳೆಯುಳಿಕೆ ತಜ್ಞ ಎಲ್ಕಾನಾ ಬಿಲಿಂಗ್ಸ್ ಅವಕ್ಕೆ ಆಸ್ಪಿಡೆಲ್ಲಾ ಅಂತ ಹೆಸರಿಟ್ಟರು, ಅಂದರೆ ಪುಟ್ಟ ಗುರಾಣಿ. ಕಲ್ಲು ಕೇಂಬ್ರಿಯನ್ ಯುಗಕ್ಕಿಂತ (ಅದು ಶುರುವಾದದ್ದು ಸುಮಾರು 54 ಕೋಟಿ ವರ್ಷದ ಹಿಂದೆ ಅಂತ ಈಗಿನ ಲೆಕ್ಕ) ಹಳೆಯದು ಅನ್ನುವುದು ಬಿಲಿಂಗ್ಸ್‌ಗೆ ಗೊತ್ತಿತ್ತು.

ಇದು ಯಾಕೆ ಮುಖ್ಯ? 1859ರಲ್ಲಿ ಡಾರ್ವಿನ್ ತನ್ನ ಪುಸ್ತಕದಲ್ಲೇ ಒಂದು ಸಂಕಟ ಹೇಳಿಕೊಂಡಿದ್ದ. ಪ್ರಾಣಿಗಳೆಲ್ಲ ನಿಧಾನವಾಗಿ ಬದಲಾಗುತ್ತಾ ಬಂದಿದ್ದರೆ, ಆಗ ಗೊತ್ತಿದ್ದ ಅತಿ ಹಳೆಯ ಪಳೆಯುಳಿಕೆ ಪದರಗಳಲ್ಲಿ, ಅಂದರೆ ಈಗ ಕೇಂಬ್ರಿಯನ್ ಅನ್ನುವ ಪದರಗಳಲ್ಲಿ, ಒಮ್ಮೆಗೇ ಕಾಲು, ಕಣ್ಣು, ಚಿಪ್ಪು ಇರುವ ಪ್ರಾಣಿಗಳು ಹೇಗೆ ಬಂದವು? ಅದಕ್ಕೂ ಕೆಳಗಿನ ಪದರಗಳು ಯಾಕೆ ಖಾಲಿ? ಅವನಿಗೆ ಬೇಕಿದ್ದ ಉತ್ತರದ ಒಂದು ಚೂರು ಸೇಂಟ್ ಜಾನ್ಸ್ ಊರಿನ ಡಕ್‌ವರ್ತ್ ಬೀದಿಯ ಪಕ್ಕದ ಕಲ್ಲಿನಲ್ಲೇ ಇತ್ತು, ಅದಕ್ಕೆ ಹೆಸರಿಟ್ಟಾಗ ಡಾರ್ವಿನ್ ಬದುಕಿಯೇ ಇದ್ದ. ಆದರೆ ಪಂಡಿತರು ಒಪ್ಪಲಿಲ್ಲ. ಗಾಳಿಗುಳ್ಳೆ ಎದ್ದ ಗುರುತು ಅಂದರು, ಖನಿಜದ ಗಂಟು ಅಂದರು. ಆಸ್ಪಿಡೆಲ್ಲಾ ಮೂಲೆಗೆ ಬಿತ್ತು, ಸುಮಾರು ನೂರು ವರ್ಷ.

ಅವರನ್ನು ಬೈಯುವ ಹಾಗೂ ಇಲ್ಲ. ರಾಮನಗರದಲ್ಲಿ ನಾನು ಮಾಡಿದ್ದು ಒಂದು ತಪ್ಪು, ಅವರು ಮಾಡಿದ್ದು ಅದರ ಉಲ್ಟಾ ತಪ್ಪು.

1946. ದಕ್ಷಿಣ ಆಸ್ಟ್ರೇಲಿಯಾ. ರೆಜಿನಾಲ್ಡ್ ಸ್ಪ್ರಿಗ್ ಅನ್ನುವ ಸರ್ಕಾರಿ ಭೂವಿಜ್ಞಾನಿಯನ್ನು ಎಡಿಯಾಕರ ಗುಡ್ಡಗಳಿಗೆ ಕಳಿಸಿದ್ದರು, ಕೈಬಿಟ್ಟ ಹಳೇ ಗಣಿಗಳಲ್ಲಿ ಇನ್ನೂ ಏನಾದರೂ ಉಳಿದಿದೆಯಾ ನೋಡಿ ಬಾ ಅಂತ. ಅಲ್ಲಿನ ಮರಳುಗಲ್ಲಿನ ಹಾಸುಗಳಲ್ಲಿ ಅವನಿಗೆ ಬಿಲ್ಲೆಗಳು ಸಿಕ್ಕವು. ಲೋಳೆಮೀನು ಅಂದುಕೊಂಡ, ಅದೇ ಜೆಲ್ಲಿಫಿಶ್. ಸಹಜವೇ. ಮಲ್ಪೆ ಬೀಚಿನಲ್ಲಿ ದಡಕ್ಕೆ ಬಂದು ಬಿದ್ದ ಲೋಳೆಮೀನನ್ನು ನೋಡಿದ್ದರೆ ನಿಮಗೂ ಹಾಗೇ ಅನ್ನಿಸುತ್ತಿತ್ತು, ಗುಂಡಗೆ, ಉಂಗುರ ಉಂಗುರ, ಮರಳಿನ ಮೇಲೆ ಅಚ್ಚು. 1947ರಲ್ಲಿ ಪ್ರಕಟಿಸಿದ. ಕಲ್ಲು ಕೇಂಬ್ರಿಯನ್ ಯುಗದ ಆರಂಭದ್ದಿರಬೇಕು ಅಂತ ಬರೆದ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ದೊಡ್ಡವರು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಗಂಟು ಬಿಚ್ಚಿದ್ದು ಶಾಲೆಯ ಮಕ್ಕಳು. ಇಂಗ್ಲೆಂಡಿನ ಚಾರ್ನ್‌ವುಡ್ ಕಾಡಿನಲ್ಲಿ 1956ರಲ್ಲಿ ಟೀನಾ ನೀಗಸ್ ಅನ್ನುವ ಹುಡುಗಿ ಬಂಡೆಯ ಮೇಲೆ ಜರೀಗಿಡದ ಗರಿಯಂಥ ಅಚ್ಚು ಕಂಡು ಟೀಚರ್‌ಗೆ ಹೇಳಿದಳು. ಕೇಂಬ್ರಿಯನ್‌ಗಿಂತ ಹಿಂದಿನ ಕಲ್ಲಿನಲ್ಲಿ ಪಳೆಯುಳಿಕೆ ಇರುವುದಿಲ್ಲಮ್ಮ ಅಂತ ಉತ್ತರ ಬಂತು. ಮುಂದಿನ ವರ್ಷ ಅದೇ ಬಂಡೆ ಹತ್ತಲು ಹೋದ ರೋಜರ್ ಮೇಸನ್ ಅನ್ನುವ ಹುಡುಗನೂ ಕಂಡ, ಅವನ ಮಾತು ಲೆಸ್ಟರ್ ವಿಶ್ವವಿದ್ಯಾಲಯದ ಟ್ರೆವರ್ ಫೋರ್ಡ್‌ಗೆ ತಲುಪಿತು. 1958ರಲ್ಲಿ ಗರಿಗೆ ಹೆಸರು ಬಂತು, ಚಾರ್ನಿಯಾ ಮೇಸೋನಿ. ಹುಡುಗನ ಹೆಸರು ಉಳಿಯಿತು, ಹುಡುಗಿಯದು ಎಷ್ಟೋ ವರ್ಷದ ಮೇಲೆ ಸೇರಿಕೊಂಡಿತು. ಇದನ್ನು ಹೇಳುವಾಗ ನಾನು ಹೆಜ್ಜೇನಿನ ಹುಡುಗಿಯ ಕಡೆ ನೋಡಿದೆ. ಅವಳು ಅಜ್ಜಿಯ ಫೋನಿನಲ್ಲಿ ಏನೋ ಆಡುತ್ತಿದ್ದಳು.

ಗರಿಯ ಜೊತೆಗೆ ಅಲ್ಲಿ ಬಿಲ್ಲೆಯೂ ಇತ್ತು, ಚಾರ್ನಿಯೋಡಿಸ್ಕಸ್ ಅಂತ ಅದಕ್ಕೆ ಬೇರೆ ಹೆಸರು. ಮಜಾ ಇರುವುದು ಇಲ್ಲಿ. ಆ ಬಿಲ್ಲೆಯಿಂದ ಒಂದು ದಂಟು ಹೊರಟಿತ್ತು, ದಂಟಿನ ತುದಿಗೆ ಗರಿ. ಅಂದರೆ ಬಿಲ್ಲೆ ಅನ್ನುವುದು ಪೂರ್ತಿ ಜೀವಿಯಲ್ಲ. ಬುಡ! ಸಮುದ್ರದ ತಳಕ್ಕೆ ಕಚ್ಚಿಕೊಂಡಿದ್ದ ಗೆಡ್ಡೆಯಂಥ ಬುಡ. ಮೇಲಿನ ಗರಿ ನೀರಿನಲ್ಲಿ ತೂಗಾಡುತ್ತಿತ್ತು.

ಹಾಗಾದರೆ ಗರಿ ಎಲ್ಲಿ ಹೋಯಿತು, ಬುಡ ಮಾತ್ರ ಯಾಕೆ ಸಾವಿರಾರು ಸಿಗುತ್ತವೆ? ಇದಕ್ಕೆ ಆಗಿನ ಸಮುದ್ರದ ನೆಲ ಹೇಗಿತ್ತು ಅಂತ ಗೊತ್ತಿರಬೇಕು. ಕೆನೆಗಟ್ಟಿದ ಹಾಲು ನೆನಪಿಸಿಕೊಳ್ಳಿ. ಮರಳಿನ ಮೇಲೆ ಸೂಕ್ಷ್ಮಜೀವಿಗಳ ಒಂದು ಲೋಳೆ ಹಾಸು, ಕೆನೆಯ ಹಾಗೆ. ಮಳೆಗಾಲದಲ್ಲಿ ಅಂಗಳದ ಕಲ್ಲಿನ ಮೇಲೆ ಪಾಚಿ ಕಟ್ಟಿ ಜಾರುತ್ತದಲ್ಲ, ಅದರ ದೊಡ್ಡಪ್ಪ. ನೆಲವನ್ನು ಬಗೆಯುವ ಹುಳ ಆಗ ಇಲ್ಲವೇ ಇಲ್ಲ ಅನ್ನಬೇಕು, ಹಾಗಾಗಿ ಹಾಸು ಹರಿಯುತ್ತಿರಲಿಲ್ಲ. ಗರಿಯ ಬುಡ ಆ ಹಾಸಿನ ಕೆಳಗೆ ಹುದುಗಿಕೊಂಡಿರುತ್ತಿತ್ತು. ಬಿರುಗಾಳಿ ಬಂದು ಮರಳು ಸುರಿದಾಗ ಮೇಲಿನ ಗರಿ ಕಿತ್ತುಹೋಗುತ್ತಿತ್ತು, ಬುಡ ಅಲ್ಲೇ. ಆಮೇಲೆ ಕೊಳೆಯುತ್ತಿರುವ ಹಾಸಿನಲ್ಲಿ ಬ್ಯಾಕ್ಟೀರಿಯಾಗಳು ಕಬ್ಬಿಣದ ಖನಿಜ ಕಟ್ಟಿ ಮರಳನ್ನು ಗಟ್ಟಿ ಮಾಡಿದವು, ಮುಖದ ಮೇಲೆ ಅಚ್ಚು ತೆಗೆದ ಹಾಗೆ. ಆಸ್ಟ್ರೇಲಿಯಾದ ಪಳೆಯುಳಿಕೆ ತಜ್ಞ ಜೇಮ್ಸ್ ಗೇಲಿಂಗ್ ಇದಕ್ಕೆ ಸಾವಿನ ಮುಖವಾಡ ಅಂತಲೇ ಹೆಸರಿಟ್ಟರು. ಅದಕ್ಕೇ ಈ ಅಚ್ಚುಗಳು ಹಾಸುಗಲ್ಲಿನ ಮೇಲ್ಗಡೆ ಅಲ್ಲ, ಕೆಳಮೈಯಲ್ಲಿ ಇರುತ್ತವೆ. ಆಸ್ಟ್ರೇಲಿಯಾದ ನಿಲ್ಪೇನಾದಲ್ಲಿ ಮೇರಿ ಡ್ರೋಸರ್ ಅವರ ತಂಡ ವರ್ಷಗಟ್ಟಲೆ ಮಾಡುತ್ತಿರುವ ಕೆಲಸ ಇದೇ, ಹಾಸುಗಲ್ಲುಗಳನ್ನು ಎತ್ತಿ, ಮಗುಚಿ, ಮತ್ತೆ ಮೊದಲಿದ್ದ ಹಾಗೆ ಜೋಡಿಸಿ, ಹಳೇ ಸಮುದ್ರದ ನೆಲವನ್ನೇ ಓದುವುದು. ದೋಸೆ ಮಗುಚಿದ ಹಾಗೆ ಅಂತ ನಾನು ಅಂದೆ. ಒಂದೊಂದು ದೋಸೆಯನ್ನೂ ನಾಲ್ಕು ಜನ ಸೇರಿ ಎತ್ತಬೇಕು, ಅಷ್ಟೇ ವ್ಯತ್ಯಾಸ.

ಅಲ್ಲಿ ಕೆಲವು ಬಿಲ್ಲೆಗಳ ಜಾಗದಲ್ಲಿ ಮರಳು ಒಂದೇ ದಿಕ್ಕಿಗೆ ಎಳೆ ಎಳೆಯಾಗಿ ಎಳೆದುಕೊಂಡು ಹೋಗಿದೆ. ಪೈರು ಕಿತ್ತಾಗ ಬುಡದ ಮಣ್ಣು ಕಿತ್ತ ಕಡೆಗೇ ಎದ್ದು ಬರುತ್ತದಲ್ಲ, ಹಾಗೆ. ನೀರಿನ ಸೆಳೆತ ಗರಿಯನ್ನು ಬುಡಸಮೇತ ಕಿತ್ತ ಗುರುತು ಅದು. ಗಾಳಿಗುಳ್ಳೆ ಹೀಗೆ ಮಾಡುವುದಿಲ್ಲ, ಅದು ಪದರ ಪದರವನ್ನು ತೂರಿಕೊಂಡು ನೆಟ್ಟಗೆ ಮೇಲೆ ಹೋಗುತ್ತದೆ.

2000ದಲ್ಲಿ ಗೇಲಿಂಗ್, ನಾರ್ಬನ್, ಆಂಡರ್ಸನ್ ಮೂವರೂ ಸೇರಿ ಆಸ್ಪಿಡೆಲ್ಲಾವನ್ನು ಮತ್ತೆ ಕೂತು ನೋಡಿದರು. ಮಣ್ಣು ಎಷ್ಟು ಮೆತ್ತಗಿತ್ತು, ಮೇಲೆ ಎಷ್ಟು ಭಾರ ಬಿತ್ತು, ಬುಡ ಎಷ್ಟು ಕೊಳೆತಿತ್ತು, ಅದರ ಮೇಲೆ ಒಂದೇ ಥರದ ಬುಡ ಬೇರೆ ಬೇರೆ ಆಕಾರದಲ್ಲಿ ಉಳಿದಿದೆ ಅಂತ ತೋರಿಸಿದರು. ಸ್ಪ್ರಿಗ್‌ನ ಎಡಿಯಾಕರಿಯಾ, ಸೈಕ್ಲೋಮೆಡುಸಾ ಹೀಗೆ ಲೋಳೆಮೀನಿನ ಹೆಸರಿನಲ್ಲಿ ಮೆರೆಯುತ್ತಿದ್ದ ಎಷ್ಟೋ ಹೆಸರುಗಳು ಆಸ್ಪಿಡೆಲ್ಲಾದೊಳಗೇ ಸೇರಿಕೊಂಡವು. 1872ರ ಪುಟ್ಟ ಗುರಾಣಿ ಗೆದ್ದಿತು. 2004ರಲ್ಲಿ ಈ ಜೀವಿಗಳಿದ್ದ ಕಾಲಕ್ಕೇ ಎಡಿಯಾಕರನ್ ಅಂತ ಅಧಿಕೃತ ಹೆಸರು ಬಂತು, 63.5 ಕೋಟಿ ವರ್ಷದ ಹಿಂದಿನಿಂದ ಸುಮಾರು 54 ಕೋಟಿ ವರ್ಷದ ಹಿಂದಿನವರೆಗೆ.

ಇಲ್ಲಿಗೆ ನಿಲ್ಲಿಸಿದ್ದರೆ ಕತೆ ಚೆನ್ನಾಗಿರುತ್ತಿತ್ತು, ಎಲ್ಲ ಬಿಲ್ಲೆಯೂ ಬುಡ ಅಂತ. ಆದರೆ ಹಾಗಿಲ್ಲ.

ಮೂರು ತೋಳಿನ ಟ್ರೈಬ್ರಾಕಿಡಿಯಂ ಇದೆ. ಸೀಲಿಂಗ್ ಫ್ಯಾನಿನ ರೆಕ್ಕೆಗಳು ಸ್ವಲ್ಪ ಬಾಗಿಕೊಂಡ ಹಾಗೆ. ಮೈಯೆಲ್ಲ ಮೂರರ ಲೆಕ್ಕದಲ್ಲಿ ಹಂಚಿಕೊಂಡ ಪ್ರಾಣಿ ಇವತ್ತು ಒಂದೂ ಇಲ್ಲ. ಅದು ಬುಡವಲ್ಲ, ಪೂರ್ತಿ ಜೀವಿ. 2015ರಲ್ಲಿ ಕಂಪ್ಯೂಟರಿನಲ್ಲಿ ಅದರ ಮೇಲೆ ನೀರು ಹರಿಸಿ ನೋಡಿದರು. ಆ ಬಾಗಿದ ತೋಳುಗಳು ನೀರನ್ನು ನಿಧಾನ ಮಾಡಿ ನೆತ್ತಿಯ ಗುಳಿಗಳಿಗೆ ಇಳಿಸುತ್ತವೆ, ತೇಲಿಬಂದ ಆಹಾರ ಅಲ್ಲಿ ಬೀಳುತ್ತದೆ. ಹಸಿವು ಅನ್ನುವುದು ಆಗಲೇ ಇತ್ತು.

ಮತ್ತೆ ಡಿಕಿನ್‌ಸೋನಿಯಾ, ಅಸಲಿಯದು. ಕೆಲವು ನಾಲ್ಕು ಅಡಿಗೂ ಜಾಸ್ತಿ ಉದ್ದ ಬೆಳೆದಿವೆ. ಇದು ಪ್ರಾಣಿಯೋ ಅಲ್ಲವೋ ಅಂತ ಎಪ್ಪತ್ತು ವರ್ಷ ಗುದ್ದಾಟ. ಹುಳ ಅಂದರು, ಲೋಳೆಮೀನಿನ ನೆಂಟ ಅಂದರು. ಜರ್ಮನಿಯ ಸೈಲಾಕರ್, ಇವೆಲ್ಲ ಪ್ರಾಣಿಗಳೇ ಅಲ್ಲ, ಗಾಳಿ ಹಾಸಿಗೆಯಂತೆ ಹೊಲಿದ ಬೇರೆಯೇ ಕುಲ, ಬಂದು ಪ್ರಯೋಗ ಮಾಡಿ ಅಳಿದುಹೋಯಿತು ಅಂದರು. ರೆಟಾಲಾಕ್ ಇವು ಕಲ್ಲುಹೂವು ಅಂದರು. ಹೌದು, ಭೀಮ್‌ಬೆಟ್ಕಾದ ಅದೇ ರೆಟಾಲಾಕ್. ಆಸ್ಟ್ರೇಲಿಯಾದ ಆ ಕಲ್ಲುಗಳು ಸಮುದ್ರದ ತಳವಲ್ಲ, ಹಳೆಯ ಒಣನೆಲ ಅನ್ನುವುದು ಅವರ ವಾದ. ಹೆಚ್ಚಿನವರು ಒಪ್ಪಿಲ್ಲ, ನನಗೂ ಅದು ನಂಬಿಕೆಯಾಗುವುದಿಲ್ಲ. ಆದರೆ ಸಭೆಯಲ್ಲಿ ಒಬ್ಬ ಹೀಗೆ ಹಟ ಹಿಡಿಯುವವನು ಇದ್ದರೆ ಉಳಿದವರು ಹುಷಾರಾಗಿರುತ್ತಾರೆ.

ಆಕಾರ ನೋಡಿ ತೀರ್ಮಾನ ಆಗದಿದ್ದಾಗ ಏನು ಮಾಡುವುದು? ಇಲ್ಯಾ ಬೊಬ್ರೋವ್‌ಸ್ಕಿ ಅನ್ನುವ ಹುಡುಗ ಆಗ ಆಸ್ಟ್ರೇಲಿಯಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ರಷ್ಯಾದ ಬಿಳಿ ಸಮುದ್ರದ ದಡದ ಕಡಿದಾದ ಗೋಡೆಗಳಲ್ಲಿ ಕಲ್ಲು ಜಾಸ್ತಿ ಬೆಂದಿಲ್ಲ, ಅಚ್ಚಿನ ಜೊತೆ ತೆಳ್ಳಗೆ ಒಂದು ಸಾವಯವ ಪೊರೆಯೂ ಉಳಿದಿರುತ್ತದೆ. ಹೆಲಿಕಾಪ್ಟರಿನಲ್ಲಿ ಹೋಗಿ, ಹಗ್ಗಕ್ಕೆ ಜೋತುಬಿದ್ದು, ಅದನ್ನು ಕಿತ್ತು ತಂದ. ಲ್ಯಾಬಿನಲ್ಲಿ ಪೊರೆಯೊಳಗಿನ ಕೊಬ್ಬಿನ ಅಂಶ ಹುಡುಕಿದ. ಲೆಕ್ಕ ಸರಳ. ಪ್ರಾಣಿಯ ಮೈಯಲ್ಲಿ ಮುಖ್ಯವಾಗಿ ಕೊಲೆಸ್ಟೆರಾಲ್ ಇರುತ್ತದೆ. ಹಸಿರು ಪಾಚಿಯದು ಬೇರೆ ಥರ, ಶಿಲೀಂಧ್ರದ್ದು ಇನ್ನೊಂದು ಥರ. 2018ರಲ್ಲಿ ಫಲಿತಾಂಶ ಬಂತು. ಡಿಕಿನ್‌ಸೋನಿಯಾದ ಪೊರೆಯಲ್ಲಿ ಸಿಕ್ಕ ಈ ಜಾತಿಯ ಕೊಬ್ಬಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಕೊಲೆಸ್ಟೆರಾಲಿನ ಉಳಿಕೆ. ಸುತ್ತಲಿನ ಕಲ್ಲಿನಲ್ಲಿ ಪಾಚಿಯದೇ ಕಾರುಬಾರು. ಅಂದರೆ ಪ್ರಾಣಿಯೇ. ಕೊಲೆಸ್ಟೆರಾಲ್ ರಿಪೋರ್ಟು ಅಂದ ಕೂಡಲೇ ಸಭೆಯಲ್ಲಿ ಅರ್ಧ ಜನ ನಕ್ಕರು, ಎಲ್ಲರೂ ನನ್ನ ವಯಸ್ಸಿನವರು.

ನನಗೆ ಇದಕ್ಕಿಂತ ಇಷ್ಟವಾದದ್ದು ಅದೇ ವರ್ಷ, ಅದೇ ವಿಧಾನದಲ್ಲಿ ಬಂದ ಇನ್ನೊಂದು ಫಲಿತಾಂಶ. ಬೆಲ್ಟನೆಲ್ಲಿಫಾರ್ಮಿಸ್ ಅಂತ ಒಂದು ಬಿಲ್ಲೆ, ಅದೂ ಬಿಳಿ ಸಮುದ್ರದ ಕಡೆಯದೇ. ಅದನ್ನೂ ಲೋಳೆಮೀನು ಅಂದವರಿದ್ದರು, ಪಾಚಿ ಅಂದವರಿದ್ದರು. ಪೊರೆ ತೆಗೆದು ನೋಡಿದರೆ ಪ್ರಾಣಿಯ ಲಕ್ಷಣ ಅಲ್ಲ. ಸಯನೋಬ್ಯಾಕ್ಟೀರಿಯಾದ ಗುಂಡು ಗುಂಡು ಗುಂಪುಗಳು! ಎರಡೂ ಒಂದೇ ಕಾಲದವು, ಎರಡರ ಅಚ್ಚೂ ಚಪ್ಪಟೆ, ಎರಡೂ ಗುಂಡಗೆ. ಒಂದು ನಮ್ಮ ನೆಂಟ. ಇನ್ನೊಂದು ಬ್ಯಾಕ್ಟೀರಿಯಾ.

ಆಮೇಲೆ ಏನಾಯಿತು? ಕೇಂಬ್ರಿಯನ್ ಶುರುವಾಗುವ ಹೊತ್ತಿಗೆ ಬಗೆಯುವ ಹುಳಗಳು ಬಂದವು. ಲೋಳೆ ಹಾಸನ್ನು ಉತ್ತು ಹಾಕಿದವು, ಎರೆಹುಳ ತೋಟದ ಮಣ್ಣನ್ನು ಮಾಡುವ ಹಾಗೆ. ಮುಖವಾಡ ಕಟ್ಟುವ ಕೆನೆಯೇ ಹೋದ ಮೇಲೆ ಆ ಥರದ ಅಚ್ಚುಗಳೂ ಅಪರೂಪವಾದವು. ಬಿಲ್ಲೆಗಳು ಮಾತ್ರ ನಿಲ್ಲಲಿಲ್ಲ. ಕೆನಡಾದ ಬರ್ಜೆಸ್ ಶೇಲ್‌ನಲ್ಲಿ ಸುಮಾರು 51 ಕೋಟಿ ವರ್ಷ ಹಳೆಯ ಎಲ್ಡೋನಿಯಾ ಸಿಗುತ್ತದೆ, ನೋಡಿದರೆ ಲೋಳೆಮೀನೇ. ಆದರೆ ಒಳಗೆ ಸುರುಳಿ ಸುತ್ತಿದ ಕರುಳು ಸ್ಪಷ್ಟವಾಗಿ ಕಾಣುತ್ತದೆ. ಲೋಳೆಮೀನಿಗೆ ಬಾಯಿಂದ ಗುದದವರೆಗೆ ಹೋಗುವ ಕರುಳಿಲ್ಲ. 1911ರಲ್ಲಿ ಚಾರ್ಲ್ಸ್ ವಾಲ್ಕಾಟ್ ಇದನ್ನು ಕಡಲಸೌತೆ ಅನ್ನುವ ಮೆತ್ತನೆಯ ಸಮುದ್ರಪ್ರಾಣಿ ಅಂದ, ಈಗ ನಕ್ಷತ್ರಮೀನಿನ ದೂರದ ಬಳಗದ ಹತ್ತಿರ ಕೂರಿಸುತ್ತಾರೆ.

ಇದೇ ವಾಲ್ಕಾಟ್ 1899ರಲ್ಲಿ ಇನ್ನೊಂದು ಬಿಲ್ಲೆಗೆ ಹೆಸರಿಟ್ಟಿದ್ದ, ಚುವಾರಿಯಾ. ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಸಿಕ್ಕಿದ್ದು, ಸಾಸಿವೆಯಿಂದ ಕಡಲೆಬೇಳೆಯಷ್ಟು, ಕಪ್ಪು ಇಂಗಾಲದ ಚುಕ್ಕೆ. ಅವನು ಚಿಪ್ಪಿನ ಪ್ರಾಣಿ ಅಂದುಕೊಂಡ. ಆಮೇಲೆ ನಮ್ಮ ಮಧ್ಯಪ್ರದೇಶದ ನೀಮಚ್ ಕಡೆಯ ವಿಂಧ್ಯ ಶಿಲೆಗಳಲ್ಲಿ ಅಂಥದೇ ಸಿಕ್ಕು, 1935ರಲ್ಲಿ ಫರ್ಮೋರಿಯಾ ಅಂತ ಹೆಸರಾಗಿ, ಅಲ್ಲೂ ಚಿಪ್ಪಿನ ಪ್ರಾಣಿಯೇ ಅಂದರು. ಈಗ ಹೆಚ್ಚಿನವರು ಅದು ಪಾಚಿಯಂಥದ್ದು ಅನ್ನುತ್ತಾರೆ. ನಮ್ಮ ಕರ್ನಾಟಕದಲ್ಲೂ ಇದು ಇದೆ ಸ್ವಾಮಿ, ಕಲಬುರಗಿ ಕಡೆಯ ಭೀಮಾ ಕಣಿವೆಯ ಶೇಲ್ ಪದರಗಳಲ್ಲಿ, ಶೇಲ್ ಅಂದರೆ ಕೆಸರು ಗಟ್ಟಿಯಾಗಿ ಆದ ಪದರ ಪದರದ ಕಲ್ಲು. 1983ರಲ್ಲೇ ಅದರ ಬಗ್ಗೆ ಪ್ರಬಂಧ ಬಂದಿದೆ.

ಪ್ರಶ್ನೆಗಳ ಹೊತ್ತಿಗೆ ಒಬ್ಬ ಕಾಲೇಜು ಹುಡುಗ ಎದ್ದು, ಸರ್, ಲಾಲ್‌ಬಾಗ್ ಬಂಡೆಯಲ್ಲಿ ಏನಾದರೂ ಸಿಗಬಹುದಾ ಅಂತ ಕೇಳಿದ. ಇಲ್ಲಪ್ಪ. ಅದು ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ, ಭೂಮಿಯ ಒಳಗೆ ಬೆಂದು ಕಲಸಿಹೋದದ್ದು. ಅಲ್ಲಿ ಗುಂಡಗೆ ಕಂಡರೆ ಕಲ್ಲುಹೂವು, ಇಲ್ಲ ಐಸ್‌ಕ್ರೀಂ ಕಪ್ಪು.

ಕೊನೆಗೆ ಒಬ್ಬ ಹಿರಿಯರು ಕೈ ಎತ್ತಿದರು. ಅವರ ಮನೆಯ ಬಚ್ಚಲಿಗೆ ಹಾಕಿರುವುದು ಶಹಾಬಾದ್ ಕಲ್ಲು, ನೀವು ಹೇಳಿದ ಭೀಮಾ ಕಡೆಯದೇ ಅಲ್ವಾ, ಅದರಲ್ಲಿ ಎರಡು ಮೂರು ಉಂಗುರ ಕಾಣುತ್ತವೆ, ಎಷ್ಟೋ ವರ್ಷದಿಂದ ಇವೆ, ಬಂದು ನೋಡುತ್ತೀರಾ ಅಂದರು. ನಾನು ಬರುತ್ತೀನಿ ಅಂದೆ. ಚುವಾರಿಯಾ ಸಿಗುವುದು ಶೇಲ್‌ನಲ್ಲಿ, ಶಹಾಬಾದ್ ಸುಣ್ಣಕಲ್ಲು, ಆಸೆ ಇಟ್ಟುಕೊಳ್ಳಬೇಡಿ ಅಂತಲೂ ಹೇಳಿದೆ. ಉಂಗುರ ಎಷ್ಟು ದೊಡ್ಡದಿದೆ ಅಂತ ಕೇಳಿದ್ದಕ್ಕೆ ಅವರು ಎರಡೂ ಕೈ ಅಗಲಿಸಿ ತೋರಿಸಿದರು. ಪಕ್ಕದಲ್ಲಿ ಕೂತಿದ್ದ ಅವರ ಮನೆಯವರು ಅದನ್ನು ನೋಡಿ, "ರೀ, ಅದು ಹಳೇ ಬಕೆಟ್ಟಿನ ತುಕ್ಕು" ಅಂದರು.